ಬಿಟ್ಟಿ ವೈಫೈ ಮೀಮಾಂಸೆ

ಹಣ ಕೇಳದ, ಪಾಸ್‌ವರ್ಡ್ ಬೇಡದ, ಗೂಢಲಿಪಿಯ ಕಾವಲಿಲ್ಲದೆ ಗಾಳಿಯಲ್ಲಿ ತೆರೆದುಕೊಂಡಿರುವ ಅಂತರ್ಜಾಲ ಸಂಪರ್ಕವೇ ಬಿಟ್ಟಿ ವೈಫೈ ಎಂಬುದು ಇದರ ಲಕ್ಷಣ. ಪಕ್ಕದ ಮನೆಯವರು ಬೀಗ ಹಾಕಲು ಮರೆತ ರೌಟರಿಗೂ ಈ ಲಕ್ಷಣ ಅನ್ವಯಿಸುವುದರಿಂದ ತಾರ್ಕಿಕರು ಇಲ್ಲಿ ಅತಿವ್ಯಾಪ್ತಿಯನ್ನು, ಅಂದರೆ ಸಲ್ಲದ್ದಕ್ಕೂ ಸಲ್ಲುವ ದೋಷವನ್ನು, ಎತ್ತಿ ತೋರಿಸಬಹುದಾದರೂ, ಬಳಕೆದಾರರು ಅದನ್ನು ಗುಣವೆಂದೇ ಬಗೆದಿರುವುದು ಲೋಕಾನುಭವಸಿದ್ಧ.

ವೈಫೈ ರೇಡಿಯೊ ತರಂಗವಾದ್ದರಿಂದ, ಗೂಢಲಿಪಿಯಿಲ್ಲದಾಗ ಒಂದು ಫೋನು ಆಡಿದ ಮಾತು ವ್ಯಾಪ್ತಿಯೊಳಗಿನ ಯಾವ ಲ್ಯಾಪ್‌ಟಾಪಿನ ಕಿವಿಗೂ ಬೀಳಬಲ್ಲದು. ಅರಳೀಕಟ್ಟೆಯ ಮೇಲೆ ಕುಳಿತು ಗುಟ್ಟು ಹೇಳುವುದಕ್ಕೆ ಇದು ಸಮಾನ. ಎರಿಕ್ ಬಟ್ಲರ್ 2010ರಲ್ಲಿ ಫೈರ್‌ಫಾಕ್ಸಿಗಾಗಿ ರಚಿಸಿದ ‘ಫೈರ್‌ಶೀಪ್’ ಎಂಬ ಸೇರ್ಪಡೆ ಇದಕ್ಕೆ ಪ್ರತ್ಯಕ್ಷ ಪ್ರಮಾಣ. ಆ ಕಾಲದ ಅನೇಕ ಜಾಲತಾಣಗಳು ಪಾಸ್‌ವರ್ಡನ್ನು ಮಾತ್ರ ಮುಚ್ಚಿ, ಆಮೇಲಿನ ಕುಕಿಯನ್ನು ಬಯಲಲ್ಲೇ ಕಳಿಸುತ್ತಿದ್ದವು. ಕುಕಿಯೆಂದರೆ ಇಲ್ಲಿ ಖಾದ್ಯವಲ್ಲ, ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ನಿನಂಥದು. ಟೋಕನ್ ತಂದವನ ಕಾಲಳತೆಯನ್ನು ಯಾರೂ ಪರೀಕ್ಷಿಸದ ಕಾರಣ, ಅದನ್ನು ಫೈರ್‌ಶೀಪಿನಿಂದ ನಕಲು ಮಾಡಿಕೊಂಡವನು ಪರರ ಫೇಸ್‌ಬುಕ್ಕನ್ನು ಮೆಟ್ಟಿಕೊಂಡು ನಡೆಯಬಹುದಾಗಿತ್ತು.

ಇನ್ನು ಪೂರ್ವಪಕ್ಷ. ಈಗ ಬಹುತೇಕ ತಾಣಗಳು ಎಚ್‌ಟಿಟಿಪಿಎಸ್ ವಿಧಾನದಿಂದ ಇಡೀ ಪತ್ರವನ್ನೇ ಲಕೋಟೆಗೆ ಹಾಕಿ ಅಂಟಿಸುವುದರಿಂದ, ಕದ್ದು ನೋಡುವವನಿಗೆ ಹೊರಗಿನ ವಿಳಾಸವಷ್ಟೇ ಕಾಣುತ್ತದೆ, ಆದ್ದರಿಂದ ಭಯ ನಿರಾಧಾರ ಎಂದು ಕೆಲವರು ವಾದಿಸುತ್ತಾರೆ. ಈ ವಾದ ಮುಕ್ಕಾಲುಪಾಲು ಸತ್ಯ. ಉಳಿದ ಕಾಲುಪಾಲಿನಲ್ಲಿ ನಾಮಭ್ರಾಂತಿ ವಾಸಿಸುತ್ತದೆ: ರೈಲು ನಿಲ್ದಾಣದ ವೈಫೈ ಹೆಸರನ್ನು ಯಾರು ಬೇಕಾದರೂ ತಮ್ಮ ರೌಟರಿಗೆ ಇಡಬಹುದು, ಹಳೆಯ ಹೆಸರನ್ನು ನೆನಪಿಟ್ಟ ಫೋನು ಯಜಮಾನನನ್ನು ಕೇಳದೆಯೇ ಅದರ ಹಿಂದೆ ಹೋಗಲೂಬಹುದು. ಓಟಿಪಿವಾದಿಗಳ ಪಂಥ ಇನ್ನೊಂದಿದೆ. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ರೈಲ್ವೆಯ ರೈಲ್‌ಟೆಲ್ ಸಂಸ್ಥೆ ಮತ್ತು ಗೂಗಲ್ ಕೂಡಿ ಆರಂಭಿಸಿದ ನಿಲ್ದಾಣ ವೈಫೈಗೆ ಮೊಬೈಲ್ ಸಂಖ್ಯೆಯೂ ಓಟಿಪಿಯೂ ಬೇಕಾದ್ದರಿಂದ ಅಂಥ ಸಂಪರ್ಕಗಳೆಲ್ಲ ಭದ್ರವೆಂದು ಇವರ ನಂಬಿಕೆ. ಆದರೆ ಓಟಿಪಿ ಬಂದವರು ಯಾರೆಂದು ಬರೆದುಕೊಳ್ಳುತ್ತದೆಯೇ ಹೊರತು ಗಾಳಿಗೆ ಬೀಗ ಹಾಕುವುದಿಲ್ಲ.

ಸಿದ್ಧಾಂತದ ಪ್ರಕಾರ ಬಳಕೆದಾರರು ಮೂರು ಬಗೆ. ಬ್ಯಾಂಕಿನ ಕೆಲಸಕ್ಕೆ ತನ್ನ ಮೊಬೈಲ್ ಡೇಟಾ ಬಳಸಿ, ಕೆಲಸ ಮುಗಿದ ಬಿಟ್ಟಿ ವೈಫೈಯನ್ನು ಫೋನಿನಿಂದ ಅಳಿಸುವವನು ಉತ್ತಮ. ವಿಪಿಎನ್ ಎಂಬ ಮುಚ್ಚಿದ ಸುರಂಗದೊಳಗೆ ಸಾಗುವವನು ಮಧ್ಯಮ. ಏಕೆಂದರೆ ಊರವರಿಂದ ಬಚ್ಚಿಟ್ಟ ಗುಟ್ಟಿನ ಜಾಡು ಸುರಂಗದ ಒಡೆಯನಿಗೆ ಸಿಗುವುದರಿಂದ, ಆ ಒಡೆಯನೂ ಬಿಟ್ಟಿಯವನಾದರೆ ಮೀಮಾಂಸೆಯನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಪ್ರಮಾಣಪತ್ರ ಸರಿಯಿಲ್ಲವೆಂದು ಬ್ರೌಸರ್ ಕೆಂಪಕ್ಷರದಲ್ಲಿ ಎಚ್ಚರಿಸಿದಾಗಲೂ, ಸೂಟ್‌ಕೇಸನ್ನು ಸೀಟಿನ ಕಾಲಿಗೆ ಸರಪಳಿಯಿಂದ ಬಿಗಿದ ನೆಮ್ಮದಿಯಲ್ಲಿ, ‘ಮುಂದುವರಿಯಿರಿ’ ಎಂಬುದನ್ನು ಒತ್ತುವವನು ಅಧಮ.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದವನು ತನ್ನ ಚಪ್ಪಲಿಯಲ್ಲೇ ಮನೆ ಸೇರುತ್ತಾನೆ, ವೈಫೈ ಸಿಕ್ಕ ಕೂಡಲೇ ಓದುವುದನ್ನು ನಿಲ್ಲಿಸಿದವನು ಬರಿಗಾಲಲ್ಲಿ.