ಕೋಣನ ಮುಂದೆ ಅಕಾರ್ಡಿಯನ್

ಮುಂಬಯಿಯ ಲೋವರ್ ಪರೇಲಿನ ಹಳೆ ಗಿರಣಿಯ ಆವರಣದಲ್ಲೋ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡದಲ್ಲೋ ಇರುವ ಫ್ರೆಂಚ್ ಸ್ಟೇಕ್‌ಹೌಸಿಗೆ ಊಟಕ್ಕೆ ಹೊರಟಿದ್ದೀರಾದರೆ, ದಯವಿಟ್ಟು ಹಸಿದುಕೊಂಡು ಹೋಗಬೇಡಿ. ಹಸಿವು ಅಲ್ಲಿ ಅಸಭ್ಯತೆ. ಟೇಬಲ್ ಕಾದಿರಿಸಲು ಫೋನ್ ಮಾಡಿದಾಗಲೇ ಆ ಕಡೆಯ ಹುಡುಗಿ ವಿಚಾರಿಸುತ್ತಾಳೆ: ಹುಟ್ಟುಹಬ್ಬವೇ, ಮದುವೆಯ ವಾರ್ಷಿಕೋತ್ಸವವೇ, ಬಡ್ತಿಯೇ? ಬರೀ ಊಟ ಎಂದರೆ ಒಂದು ಕ್ಷಣ ಮೌನ. ಆ ಕಾಲಮ್ಮು ಅವಳ ಕಂಪ್ಯೂಟರಿನಲ್ಲಿಲ್ಲ.

ಮುಂದೆ ಕೇಳುವುದು ಕ್ರೆಡಿಟ್ ಕಾರ್ಡಿನ ನಂಬರು. ನೀವು ಬಾರದೆ ಹೋದರೆ ಉಣ್ಣದ ಊಟಕ್ಕೂ ದುಡ್ಡು ಕಡಿಯುತ್ತಾರೆ. ಉಂಡವರಿಗೂ ಉಣ್ಣದವರಿಗೂ ಅಂಥ ವ್ಯತ್ಯಾಸವೇನಿಲ್ಲ ಎಂಬುದು ಆಮೇಲೆ ತಿಳಿಯುತ್ತದೆ. ಏಳೂವರೆಗೆ ಒಂದು ಪಂಕ್ತಿ, ಹತ್ತಕ್ಕೆ ಇನ್ನೊಂದು. ಮೊದಲ ಪಂಕ್ತಿಯವರು ಒಂಬತ್ತೂಮುಕ್ಕಾಲಿಗೆ ಎದ್ದು ಜಾಗ ಬಿಡಬೇಕು. ಚಪ್ಪಲಿ ಹಾಕಿದವರಿಗೆ ಪ್ರವೇಶವಿಲ್ಲ, ಬೂಟು ಕಡ್ಡಾಯ. ಮಠದಲ್ಲಿ ಅಂಗಿ ಕಳಚಬೇಕು, ಇಲ್ಲಿ ಅಂಗಿಯ ಮೇಲೊಂದು ಕೋಟು ಏರಿಸಬೇಕು. ಮಡಿ ಎರಡೂ ಕಡೆ ಒಂದೇ.

ಈ ವಿದ್ಯೆಯಲ್ಲಿ ನನಗೆ ಗುರುಗಳು ಮುಲುಂಡಿನ ಶೆಟ್ರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಹುಡುಗನಾಗಿದ್ದಾಗ ಕಾರ್ಕಳದ ಕಡೆಯಿಂದ ಬಸ್ಸು ಹತ್ತಿ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುವ ಕ್ಲೀನರ್ ಆಗಿ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಸಪ್ಲಾಯರ್ ಆಗಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಕೊನೆಗೆ ಸ್ವಂತದ್ದೊಂದು ಹೋಟೆಲು ಮತ್ತು ಪರ್ಮಿಟ್ ರೂಮು, ಅಂದರೆ ಬಾರು, ಇಟ್ಟವರು. ಮುಂಬಯಿ ಕನ್ನಡಿಗರ ಅರ್ಧ ಚರಿತ್ರೆ ಇಷ್ಟೇ. ಉಳಿದರ್ಧ ಅವರ ಮಕ್ಕಳದು. ಶೆಟ್ರ ಮಗ ವಿದೇಶಿ ಬ್ಯಾಂಕೊಂದರಲ್ಲಿ ವೈಸ್ ಪ್ರೆಸಿಡೆಂಟ್. (ಆ ಬ್ಯಾಂಕಿನಲ್ಲಿ ಲಿಫ್ಟಿನವನನ್ನು ಬಿಟ್ಟರೆ ಎಲ್ಲರೂ ವೈಸ್ ಪ್ರೆಸಿಡೆಂಟರೇ.) ಅವನ ಬಡ್ತಿಯ ಲೆಕ್ಕದಲ್ಲಿ ಅಪ್ಪನಿಗೆ ಸ್ಟೇಕ್‌ಹೌಸ್ ಊಟ. ನಾನು ನಡುವೆ ತೂರಿಕೊಂಡವನು.

ಒಳಗೆ ಹೋದರೆ ಕತ್ತಲೆ. ಟೇಬಲಿಗೊಂದು ಮೋಂಬತ್ತಿ. ಮೆನು ಓದಲು ವೈಸ್ ಪ್ರೆಸಿಡೆಂಟರೆಲ್ಲ ಮೊಬೈಲಿನ ಟಾರ್ಚ್ ಹಾಕಿಕೊಂಡಿರುವುದರಿಂದ ಸಾಲು ಸಾಲಾಗಿ ಗಲ್ಲಗಳು ಮಾತ್ರ ಬೆಳಗುತ್ತಿರುತ್ತವೆ. ಶೆಟ್ರಿಗೆ ಇದು ಬಹಳ ಹಿಡಿಸಿತು. ‘ಕರೆಂಟಿನ ಬಿಲ್ಲು ಎಷ್ಟು ಉಳಿಯಬಹುದು ಮಾರಾಯ್ರೆ! ಮೇಲಿಂದ ಟೇಬಲ್ ಸರಿ ಒರೆಸಿದ್ದಾರಾ ಇಲ್ವಾ ಅಂತ ಯಾರಿಗೂ ಕಾಣುವುದಿಲ್ಲ.’

ಆಮೇಲೆ ನೀರು. ವೇಟರ್ ಸೊಂಟ ಬಗ್ಗಿಸಿ ‘ಸ್ಟಿಲ್ ಆರ್ ಸ್ಪಾರ್ಕ್ಲಿಂಗ್’ ಎನ್ನುತ್ತಾನೆ. ಮೂರನೆಯದೊಂದು ನೀರು ಈ ಭೂಮಿಯ ಮೇಲೆ ಇದೆ, ಅದು ಭಾತ್ಸಾ, ವೈತರಣಾ ಕೆರೆಗಳಿಂದ ಪೈಪಿನಲ್ಲಿ ಇದೇ ಕಟ್ಟಡಕ್ಕೂ ಬರುತ್ತದೆ ಎಂಬುದನ್ನು ಅವನು ಹೇಳುವುದಿಲ್ಲ, ನೀವು ಕೇಳುವುದಿಲ್ಲ. ಕೇಳಿದರೆ ಜೊತೆಗೆ ಬಂದ ಶೆಟ್ರ ಸೊಸೆಯ ಮುಖ ಸಣ್ಣದಾಗುತ್ತದೆ. ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಿದ್ದೀರಲ್ಲ ಎಂದು ಜಗಳಕ್ಕೆ ನಿಲ್ಲುವಂತೆಯೂ ಇಲ್ಲ. ಹೋಟೆಲಿನವರು ಹಾಗೆ ಹಾಕಬಹುದೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ. ಗಿರಾಕಿ ಬರುವುದು ಬಾಟಲಿ ಕೊಳ್ಳಲು ಮಾತ್ರವಲ್ಲ, ಅಲ್ಲಿಯ ವಾತಾವರಣವನ್ನೂ ಅನುಭವಿಸುತ್ತಾನಲ್ಲ! ಕತ್ತಲೆಗೆ ರೇಟು ಬಿದ್ದದ್ದು ಹೀಗೆ.

ಇನ್ನು ಮುಖ್ಯ ವಿಷಯ, ಮಾಂಸ. ಶೆಟ್ರು ಹೋಟೆಲಿನವರು, ಕೇಳದೆ ಬಿಡುವವರಲ್ಲ.

‘ಇದು ಯಾವುದರದ್ದು?’

‘ಟೆಂಡರ್‌ಲಾಯಿನ್ ಸರ್.’

‘ಅದು ಎಲ್ಲಿಯದು ಅಂತ ಆಯ್ತು. ಯಾವುದರದ್ದು?’

‘ಗ್ರಾಸ್ ಫೆಡ್ ಸರ್. ಹುಲ್ಲು ಮಾತ್ರ ತಿಂದದ್ದು.’

‘ಯಾವುದು ತಿಂದದ್ದು?’

ವೇಟರ್ ಆಚೀಚೆ ನೋಡಿ, ಬಗ್ಗಿ, ಕಿವಿಯ ಹತ್ತಿರ ಬಂದು ‘ಬಫ್, ಸರ್’ ಎಂದ. ಪರ್ಮಿಟ್ ರೂಮಿನಲ್ಲಿ ಪೊಲೀಸರು ಬಂದ ಸುದ್ದಿಯನ್ನು ಹಾಗೆ ಹೇಳುತ್ತಾರೆ.

ಅವನ ತಪ್ಪಲ್ಲ. ಮಹಾರಾಷ್ಟ್ರದಲ್ಲಿ ಗೋಹತ್ಯೆ 1976ರ ಕಾಯ್ದೆಯಿಂದಲೇ ನಿಷಿದ್ಧ. ಎತ್ತು, ಹೋರಿಗಳನ್ನೂ ಸೇರಿಸಿ 1995ರಲ್ಲಿ ಮಾಡಿದ ತಿದ್ದುಪಡಿ ಇಪ್ಪತ್ತು ವರ್ಷ ದಿಲ್ಲಿಯಲ್ಲಿ ಮಲಗಿದ್ದು 2015ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಎದ್ದು ಬಂತು. ಮರುವರ್ಷ ಬಾಂಬೆ ಹೈಕೋರ್ಟು ಹೊರರಾಜ್ಯದಿಂದ ತಂದ ಮಾಂಸ ಇಟ್ಟುಕೊಂಡರೆ ಅಪರಾಧವಲ್ಲ ಎಂದಿತಾದರೂ, ಇಲ್ಲಿ ಕಡಿಯುವುದಕ್ಕಿದ್ದ ನಿಷೇಧವನ್ನು ಎತ್ತಿಹಿಡಿಯಿತು. ವಿದೇಶದಿಂದ ತರಿಸೋಣವೆಂದರೆ ದನದ ಮಾಂಸದ ಆಮದಿಗೆ ಕೇಂದ್ರ ಸರ್ಕಾರದ ನಿಷೇಧ. ಹೀಗಾಗಿ ಗೋಡೆಯ ತುಂಬ ಬರ್ಗಂಡಿಯ ಹಸಿರು ಹುಲ್ಲುಗಾವಲು, ಬಿಳಿ ದನಗಳ ತೈಲಚಿತ್ರ; ತಟ್ಟೆಯಲ್ಲಿ ಮಾತ್ರ ಹಾರ್ಬರ್ ಲೈನಿನ ಗೋವಂಡಿಯಲ್ಲಿ ಇಳಿದರೆ ಸಿಗುವ ದೇವನಾರ್ ಕಸಾಯಿಖಾನೆ ದಾಟಿ ಬಂದ ಕೋಣ. ದನದ ಚಿತ್ರ ನೋಡುತ್ತಾ ಕೋಣ ತಿಂದು ಫ್ರಾನ್ಸಿಗೆ ದುಡ್ಡು ಕೊಡುವ ಏರ್ಪಾಡು.

ಕೋಣನ ವಿಷಯದಲ್ಲಿ ಶೆಟ್ರಿಗೆ ಸ್ವಲ್ಪ ಮುಜುಗರವಿದೆ. ಅವರ ಮೂಲ ಮನೆಯವರು ಮಿಯ್ಯಾರು ಕಂಬಳಕ್ಕೆ ಜೋಡಿ ಓಡಿಸಿದವರು. ಆ ಕೋಣಗಳಿಗೆ ಹೆಸರಿತ್ತು, ಎಣ್ಣೆ ಸ್ನಾನವಿತ್ತು, ಹುರುಳಿ ಬೇಯಿಸಿ ಹಾಕುವ ಆಳಿದ್ದ. ಕೋಣನ ಬೆನ್ನಿಗೆ ಬೆತ್ತ ತಾಗಬಹುದೋ ಬಾರದೋ ಎಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, 2014ರಲ್ಲಿ ಜಲ್ಲಿಕಟ್ಟಿನ ತೀರ್ಪಿನ ಹಿಂದೆಯೇ ಕಂಬಳವೂ ನಿಂತು, ಕರ್ನಾಟಕ ಕಾಯ್ದೆ ತಿದ್ದಿ, 2023ರಲ್ಲಿ ಕೋರ್ಟು ಅದನ್ನು ಒಪ್ಪುವವರೆಗೆ ಒಂಬತ್ತು ವರ್ಷ ಹಿಡಿಯಿತು. ಅದೇ ಬೆನ್ನಿನ ಒಳಮಗ್ಗುಲಿನ ಮೆತ್ತನೆಯ ತುಂಡು ಲೋವರ್ ಪರೇಲಿನಲ್ಲಿ ಬೆಣ್ಣೆಯಲ್ಲಿ ಹೊರಳುವಾಗ ಒಬ್ಬ ವಕೀಲನೂ ಎದ್ದು ನಿಲ್ಲುವುದಿಲ್ಲ. ಅಲ್ಲ, ನಿಂತಿದ್ದ. ಪಕ್ಕದ ಟೇಬಲಿನಲ್ಲಿ, ಇನ್ನೊಂದು ಬಾಟಲಿ ವೈನ್ ಹೇಳಲು.

ಈ ಹೊತ್ತಿನಲ್ಲಿ ಮೂಲೆಯಿಂದ ಅಕಾರ್ಡಿಯನ್ ಶುರುವಾಯಿತು. ಕೋಣನ ಮುಂದೆ ಕಿನ್ನರಿ ಬಾರಿಸಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಬದುಕಿರುವ ಕೋಣನ ವಿಚಾರದಲ್ಲಿ ಇರಬೇಕು.

ಎಷ್ಟು ಬೇಯಿಸಬೇಕೆಂಬುದು ಮುಂದಿನ ಪರೀಕ್ಷೆ. ‘ಪೂರ್ತಿ ಬೇಯಲಿ’ ಎಂದರೆ ವೇಟರಿನ ಕಣ್ಣಲ್ಲಿ ಹತ್ತಿರದ ನೆಂಟರು ತೀರಿಕೊಂಡಷ್ಟು ದುಃಖ. ಆ ದುಃಖಕ್ಕೆ ಹೆದರಿ ವೈಸ್ ಪ್ರೆಸಿಡೆಂಟ್ ‘ಮೀಡಿಯಂ ರೇರ್’ ಎಂದ, ಬಂದಾಗ ನಡುವಿನ ಕೆಂಪು ಭಾಗವನ್ನು ಕತ್ತಲಲ್ಲಿ ನೈಸಾಗಿ ಸೊಪ್ಪಿನಡಿಗೆ ತಳ್ಳಿದ. ಇಡೀ ರಾತ್ರಿ ಕತ್ತಲೆಯಿಂದ ಗಿರಾಕಿಗೆ ಆದ ಲಾಭ ಅದೊಂದೇ.

ಎಡಗಡೆಯ ಟೇಬಲಿನಲ್ಲಿ ವಾಲ್ಕೇಶ್ವರದ ಜೈನ ಕುಟುಂಬ. ಸ್ಟೇಕ್‌ಹೌಸಿಗೆ ಅವರೇಕೆ ಬಂದರು ಎಂದು ಕೇಳಬೇಡಿ. ಮುಂಬಯಿಯಲ್ಲಿ ಜೈನ್ ಮೆನು ಇಲ್ಲದೆ ಹೋಟೆಲು ತೆರೆಯುವ ಧೈರ್ಯ ಪ್ಯಾರಿಸಿನವನಿಗೂ ಇಲ್ಲ. ಅವರಿಗೆ ಈರುಳ್ಳಿ ಇಲ್ಲದ ಫ್ರೆಂಚ್ ಈರುಳ್ಳಿ ಸೂಪು ಬಂತು. ಆಲೂಗಡ್ಡೆ ನೆಲದೊಳಗೆ ಬೆಳೆಯುವಂಥದ್ದಾದ್ದರಿಂದ ಬಾಳೆಕಾಯಿಯ ಫ್ರೆಂಚ್ ಫ್ರೈಸ್ ಬಂತು. ಜೈನ್ ಪಾವ್‌ಭಾಜಿಗೆ ಗಾಡಿಯವರು ಎಂದೋ ಕಂಡುಹಿಡಿದ ಉಪಾಯ ಅದು. ನನ್ನ ಪ್ರಾಮಾಣಿಕ ಅಭಿಪ್ರಾಯ ಕೇಳಿದರೆ ಆ ಇಡೀ ಹಾಲಿನಲ್ಲಿ ತಮಗೆ ಬೇಕಾದದ್ದನ್ನು ನಾಚಿಕೆಯಿಲ್ಲದೆ ಗದರಿಸಿ ತರಿಸಿಕೊಂಡವರು ಅವರೊಬ್ಬರೇ.

ಮುಂಬಯಿಗೆ ಸ್ಟೇಕ್ ಹೊಸತೇನೂ ಅಲ್ಲ. 1960ರ ದಶಕದಲ್ಲೇ ಇಲ್ಲಿಯ ಇರಾನಿಗಳು ಕಾದ ಕಬ್ಬಿಣದ ತಟ್ಟೆಯ ಮೇಲೆ ಎಲೆಕೋಸಿನ ಎಲೆ ಹಾಸಿ, ಮಾಂಸವಿಟ್ಟು ಸಿಜ್ಲರ್ ಎಂದು ಕೊಟ್ಟರು. ಅದು ಅಡುಗೆಮನೆಯಿಂದ ಹೊರಟಾಗಲೇ ಚುಂಯ್ ಎಂದು ಊರಿಗೆಲ್ಲ ಸಾರುತ್ತಾ, ಹೊಗೆ ಬಿಡುತ್ತಾ ಬರುತ್ತಿತ್ತು. ಮರುದಿನ ಆಫೀಸಿಗೂ ಅಂಗಿಯಲ್ಲಿ ವಾಸನೆ. ತಿಂದದ್ದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬ ಕಾಲ. ಈಗ ಗೊತ್ತಾಗಬೇಕಾದದ್ದು ತಿಂದದ್ದಲ್ಲ, ತೆತ್ತದ್ದು.

ಕಂಬಳದ ಮನೆಯ ಶೆಟ್ರು ಕೋಣನನ್ನು ಬಿಟ್ಟು ಕಾಲಿಫ್ಲವರ್ ಸ್ಟೇಕ್ ಹೇಳಿದರು. ಬಂತು: ಒಂದು ಹೂಕೋಸಿನ ನಟ್ಟನಡುವಿನಿಂದ ಹೆಬ್ಬೆರಳ ದಪ್ಪಕ್ಕೆ ಕೊಯ್ದ ಒಂದು ಹೋಳು, ಎರಡೂ ಮಗ್ಗುಲು ಕಂದು ಬಣ್ಣಕ್ಕೆ ಸುಟ್ಟದ್ದು, ಕೆಳಗೆ ಚಮಚದ ಹಿಂಬದಿಯಿಂದ ಎಳೆದ ಬಿಳಿ ಸಾಸು, ಮೇಲೆ ಮೂರು ದಾಳಿಂಬೆ ಕಾಳು. ಬೆಲೆ 1,150 ರೂಪಾಯಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಶೆಟ್ರು ಅದನ್ನು ತಿನ್ನುವ ಮೊದಲು ತಟ್ಟೆ ತಿರುಗಿಸಿ ತಿರುಗಿಸಿ ನೋಡಿದರು. ವಾಶಿ ಮಾರ್ಕೆಟ್ಟಿನಲ್ಲಿ ಹೂಕೋಸಿನ ಇವತ್ತಿನ ರೇಟು ಅವರ ನಾಲಿಗೆಯ ತುದಿಯಲ್ಲಿತ್ತು. ಒಂದು ಹೂವಿನಲ್ಲಿ ಇಂಥ ಹೋಳು ಎರಡು; ಉದುರಿದ ಚೂರುಗಳು ನಾಳೆ ಸೂಪಿಗೆ. ‘ಇದೇ ಹೂವಿನಲ್ಲಿ ನಾನು ನಾಲ್ಕು ಪ್ಲೇಟು ಗೋಬಿ ಮಂಚೂರಿ ಮಾಡ್ತೇನೆ, ಹಿಟ್ಟು, ಎಣ್ಣೆ, ಬೆಳ್ಳುಳ್ಳಿ ಬೇರೆ’ ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ. ದೊಡ್ಡ ಭಾಗವತರ ಹಾಡು ಕೇಳಿದ ಸಣ್ಣ ಭಾಗವತರ ಗೌರವವಿತ್ತು.

ಮಗನಿಗೆ ಇದು ಕುಟುಕಿತು. ‘ಪಪ್ಪಾ, ನೀವು ಪ್ಯಾರಿಸಿನಲ್ಲಿ ನೋಡಬೇಕಿತ್ತು’ ಎಂದು ಆಫೀಸಿನ ಖರ್ಚಿನಲ್ಲಿ ಹೋಗಿಬಂದ ಕಥೆ ತೆಗೆದ. ಪೋರ್ತ್ ಮಾಯೋ ಎಂಬಲ್ಲಿ 1959ರಿಂದ ಒಂದು ಸ್ಟೇಕ್ ಹೋಟೆಲಿದೆ. ಪೌಲ್ ಜಿನೆಸ್ತ್ ದ ಸೋರ್ಸ್ ಎಂಬಾತ ಒಂದು ಇಟಾಲಿಯನ್ ಹೋಟೆಲು ಕೊಂಡು, ವೆನಿಸ್ ಎಂದಿದ್ದ ಹಳೆ ಬೋರ್ಡನ್ನೂ ಬದಲಿಸದೆ ಶುರುಮಾಡಿದ್ದು. ಟೇಬಲ್ ಕಾದಿರಿಸುವಂತಿಲ್ಲ, ಎಷ್ಟು ದೊಡ್ಡವನಾದರೂ ಫುಟ್‌ಪಾತಿನಲ್ಲಿ ಕ್ಯೂ ನಿಲ್ಲಬೇಕು. ಮೆನುವೇ ಇಲ್ಲ, ಇರುವುದು ಒಂದೇ ಊಟ: ಅಕ್ರೋಟು ಹಾಕಿದ ಸೊಪ್ಪಿನ ಸಲಾಡು, ಹಸಿರು ಸಾಸಿನಲ್ಲಿ ಸ್ಟೇಕು, ಫ್ರೈಸು. ಕಪ್ಪು ಬಟ್ಟೆ, ಬಿಳಿ ಏಪ್ರನ್ನಿನ ಹೆಂಗಸು ಬಂದು ಎಷ್ಟು ಬೇಯಿಸಲಿ, ಕುಡಿಯಲು ಏನು ಎಂದು ಕೇಳಿ ಟೇಬಲಿಗೆ ಹಾಸಿದ ಕಾಗದದ ಮೇಲೆಯೇ ಗೀಚಿಕೊಂಡು ಹೋಗುತ್ತಾಳೆ. ತಿಂದು ಮುಗಿಸುವಷ್ಟರಲ್ಲಿ ಉಳಿದರ್ಧ ಸ್ಟೇಕನ್ನು ಬಿಸಿ ಬಿಸಿಯಾಗಿ ತಂದು, ಫ್ರೈಸನ್ನು ಇನ್ನೊಮ್ಮೆ ಬಡಿಸುತ್ತಾಳೆ. ಎರಡನೇ ಸಲಕ್ಕೆ ದುಡ್ಡಿಲ್ಲ.

ಶೆಟ್ರು ಚಮಚ ಕೆಳಗಿಟ್ಟರು.

‘ಕ್ಯೂ ಉಂಟು?’

‘ಉಂಟು.’

‘ಒಂದೇ ಊಟ, ಎರಡನೇ ಸಲ ಬಡಿಸುವುದು ಉಂಟು? ಬಡಬಡ ಎಬ್ಬಿಸಿ ಕಳಿಸುವುದು ಉಂಟು?’

‘ಉಂಟು ಪಪ್ಪಾ.’

‘ಅದು ನಮ್ಮ ಮಾಟುಂಗದ ರಾಮ ನಾಯಕ್ರ ಬೋರ್ಡಿಂಗ್ ಅಲ್ವನಾ!’

1942ರಿಂದ ಮಾಟುಂಗ ಸ್ಟೇಷನ್ನಿನ ಎದುರಿಗೆ ನಡೆಯುತ್ತಿರುವ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಮೆಟ್ಟಿಲ ಮೇಲೆ ಕ್ಯೂ ನಿಂತವರಿಗೆ ಈ ಉದ್ಗಾರ ಅರ್ಥವಾಗುತ್ತದೆ. ಪ್ಯಾರಿಸಿನವನು ಆ ಹೋಟೆಲು ಇಟ್ಟದ್ದೇ ದಕ್ಷಿಣ ಫ್ರಾನ್ಸಿನ ಗಾಯಾಕ್‌ನಲ್ಲಿದ್ದ ತಮ್ಮ ಮನೆತನದ ದ್ರಾಕ್ಷಿ ತೋಟದ ವೈನ್ ಖರ್ಚಾಗಲಿ ಎಂದು ಎಂಬುದನ್ನು ಕೇಳಿದ ಮೇಲಂತೂ ಶೆಟ್ರಿಗೆ ಆತ ಖಾಸಾ ನೆಂಟನೇ ಆಗಿಬಿಟ್ಟ. ‘ಊಟ ನೆಪ, ಲಾಭ ಇರುವುದು ಬಾಟಲಿಯಲ್ಲಿ. ನಮ್ಮವನೇ!’

ಇಷ್ಟು ದೂರದ ಫ್ರಾನ್ಸಿನಿಂದ ಮುಂಬಯಿಯವರು ಏನೇನು ತರಿಸಿದ್ದಾರೆ ನೋಡಿ. ವರ್ಷಗಟ್ಟಲೆ ಶೇಕಡಾ 150 ಸುಂಕ ತೆತ್ತು ವೈನ್ ತರಿಸಿದರು, ನಾಸಿಕದ ವೈನ್ ಮೂರು ಗಂಟೆಯ ದಾರಿಯಲ್ಲಿದ್ದರೂ. ಕುರ್ಚಿ ತರಿಸಿದರು, ಚಾಕು ತರಿಸಿದರು, ಅಕಾರ್ಡಿಯನ್ ತರಿಸಿದರು. ಬಿಟ್ಟು ಬಂದದ್ದು ಎರಡನ್ನೇ: ಕ್ಯೂ ಮತ್ತು ಎರಡನೇ ಸಲ ಬಡಿಸುವುದು. ಕ್ಯೂ ಬಂದರೆ ವೈಸ್ ಪ್ರೆಸಿಡೆಂಟಿನ ಹಿಂದೆ ಅವನ ಡ್ರೈವರೂ ನಿಂತಾನು. ಎರಡನೇ ಸಲ ಬಡಿಸಿದರೆ ಹೊಟ್ಟೆ ತುಂಬೀತು.

ಬಿಲ್ಲು ಚರ್ಮದ ಪುಸ್ತಕದಲ್ಲಿ ಬಂತು. ಜಿಎಸ್‌ಟಿ ಶೇಕಡಾ 5. (ಅದೇ ತುಂಡನ್ನು ರೂಮಿಗೆ 7,500 ರೂಪಾಯಿ ಮೀರಿದ ಹೋಟೆಲಿನೊಳಗೆ ತಿಂದಿದ್ದರೆ 18.) ಅದರ ಮೇಲೆ ಸರ್ವಿಸ್ ಚಾರ್ಜು ಶೇಕಡಾ 10. ಅದನ್ನು ಗಿರಾಕಿಯ ಮೇಲೆ ತಾನಾಗಿ ಹೇರಬಾರದು ಎಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿ, ಹೋಟೆಲಿನವರು ಕೋರ್ಟಿಗೆ ಹೋಗಿ ತಡೆ ತಂದು, 2025ರ ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟು ಪ್ರಾಧಿಕಾರದ ಮಾತೇ ಸರಿ ಎಂದಿತು. ಇದೆಲ್ಲ ಶೆಟ್ರಿಗೆ ಬಾಯಿಪಾಠ. ಏಕೆಂದರೆ ಮಾಲೀಕರ ಸಭೆಯಲ್ಲಿ ಸರ್ವಿಸ್ ಚಾರ್ಜು ಬೇಕೇ ಬೇಕು ಎಂದು ಚಪ್ಪಾಳೆ ತಟ್ಟಿದವರಲ್ಲಿ ಅವರೂ ಒಬ್ಬರು. ಆದರೆ ಕುರ್ಚಿಯ ಆಚೆ ಬದಿಗೆ ಕೂತ ಕೂಡಲೇ ಮನುಷ್ಯನ ಸಿದ್ಧಾಂತ ಬದಲಾಗುತ್ತದೆ. ‘ಇದನ್ನು ತೆಗೀರಿ’ ಎಂದರು. ಮ್ಯಾನೇಜರು ಮಾರುತ್ತರವಿಲ್ಲದೆ, ನಗುತ್ತಲೇ ತೆಗೆದು ತಂದ. ಸೊಸೆ ಬಾತ್‌ರೂಮಿಗೆ ಎದ್ದು ಹೋದಳು. ಮಗ ಅಪ್ಪ ಬೆನ್ನು ತಿರುಗಿಸಿದ ಕೂಡಲೇ ಅದರ ಎರಡರಷ್ಟು ನೋಟನ್ನು ಪುಸ್ತಕದೊಳಗೆ ತುರುಕಿದ. ಇಂಥ ಹೋಟೆಲು ನಡೆಯುವುದು ಬೆಣ್ಣೆಯಿಂದಲ್ಲ, ಈ ಸಂಕೋಚದಿಂದ. ಅದಕ್ಕೆ ಎಂಆರ್‌ಪಿ ಇಲ್ಲ.

ಮುಂದಿನ ವಾರ ಮುಲುಂಡಿಗೆ ಹೋದರೆ ಶೆಟ್ರ ಹೋಟೆಲಿನಲ್ಲಿ ಸುಧಾರಣೆ ಜಾರಿಯಾಗಿತ್ತು. ಟ್ಯೂಬ್‌ಲೈಟುಗಳಲ್ಲಿ ಮುಕ್ಕಾಲು ಪಾಲು ಬಂದ್. ‘ಎರಡು ಮಸಾಲೆ, ಒಂದು ಉಪ್ಪಿಟ್ಟು’ ಎಂದು ಮೂವತ್ತು ವರ್ಷ ಕೂಗಿದ ಸಪ್ಲಾಯರಿಗೆ ಕಿವಿಯಲ್ಲಿ ಹೇಳುವಂತೆ ಅಪ್ಪಣೆ. ಮೆನು ಕಾರ್ಡಿನಲ್ಲಿ ಕಾಲಿಫ್ಲವರ್ ಸ್ಟೇಕ್, 340 ರೂಪಾಯಿ. ಸಂಜೆ ಎಂಟಕ್ಕೆ ಮಂದ ಬೆಳಕಿನಲ್ಲಿ ನಾಲ್ಕು ಮೋಂಬತ್ತಿ ಹಚ್ಚಿದ್ದೇ ತಡ, ಎಂಟೂಕಾಲಿಗೆ ಬೀಟಿನ ಹವಾಲ್ದಾರ ಹಾಜರು. ಶೆಟ್ಟಿಯ ಹೋಟೆಲು, ಪರ್ಮಿಟ್ ರೂಮು, ಅದರ ಮೇಲೆ ಕತ್ತಲೆ: 2005ರಲ್ಲಿ ಡಾನ್ಸ್ ಬಾರ್ ಮುಚ್ಚಿಸಿದ ನಗರದ ಪೊಲೀಸನಿಗೆ ಇಷ್ಟು ಸಾಕು. ‘ಕಾಯ್ ಶೆಟ್ಟಿ, ಹುಡುಗಿಯರು ಎಲ್ಲಿ?’ ಎಂದ. ಲೋವರ್ ಪರೇಲಿನಲ್ಲಿ ಇದಕ್ಕೆ ವಾತಾವರಣ ಅನ್ನುತ್ತಾರೆ ಎಂದು ವಿವರಿಸಲು ಶೆಟ್ರು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡೆ. ಹವಾಲ್ದಾರ ಅಡುಗೆಮನೆ, ಅಟ್ಟ, ಫ್ರಿಜ್ಜು ಎಲ್ಲ ಇಣುಕಿ, ಕೂತು, ಒಂದು ಕಾಲಿಫ್ಲವರ್ ಸ್ಟೇಕ್ ತಿಂದು, ಉಪ್ಪು ಕಮ್ಮಿ ಎಂದು ಹೇಳಿ, ದುಡ್ಡಿನ ಪ್ರಸ್ತಾಪವೆತ್ತದೆ ಎದ್ದು ಹೋದ.

ಟ್ಯೂಬ್‌ಲೈಟುಗಳೆಲ್ಲ ಈಗ ಮತ್ತೆ ಉರಿಯುತ್ತಿವೆ, ಸಪ್ಲಾಯರ್ ಮೊದಲಿನ ಹಾಗೇ ಕೂಗುತ್ತಿದ್ದಾನೆ. ಸ್ಟೇಕ್ ಮಾತ್ರ ಮೆನುವಿನಲ್ಲಿ ಉಳಿದಿದೆ. ಗಿರಾಕಿಗಳು ಅದಕ್ಕೆ ಸಾಂಬಾರ್ ಕೇಳುತ್ತಾರೆ, ಎರಡನೇ ಸಲವೂ ಕೇಳುತ್ತಾರೆ, ಶೆಟ್ರು ಕೊಡಿಸುತ್ತಾರೆ.