ಉಡುಗೆ ಕಾವಲುಗಾರ

ಉಡುಗೆ ಕಾವಲುಗಾರ ಬೆಂಗಳೂರಿನಂಥ ದೊಡ್ಡ ಊರುಗಳ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಕಾಣಸಿಗುವ ಗೃಹಸ್ಥ. ವಯಸ್ಸು ಐವತ್ತರ ಆಸುಪಾಸು. ಮನೆಯಲ್ಲಿ ಬರ್ಮುಡಾ ಚಡ್ಡಿ, ಕಚೇರಿಗೆ ಪ್ಯಾಂಟು ಶರಟು, ಕಾಲಿಗೆ ಕ್ರಾಕ್ಸ್. ಪಂಚೆ ಉಡುವುದು ರಾಜ್ಯೋತ್ಸವದ ದಿನ ಮಾತ್ರ, ಅದೂ ವೆಲ್ಕ್ರೊ ಹೊಲಿದದ್ದು. ತಾನು ಉಡದ ಬಟ್ಟೆಯನ್ನು ಪರದೇಶದವರು ಎಲ್ಲಿ ಹೊತ್ತೊಯ್ಯುತ್ತಾರೋ ಎಂದು ಕಾಯುವುದು ಇವನ ಮುಖ್ಯ ಕಸುಬು.

ಕಾವಲಿಗೆ ಗಡಿಯಿಲ್ಲ. 2016ರಲ್ಲಿ ನ್ಯೂಯಾರ್ಕಿನ ಫ್ಯಾಷನ್ ಪ್ರದರ್ಶನದಲ್ಲಿ ಮಾರ್ಕ್ ಜೇಕಬ್ಸ್ ತನ್ನ ರೂಪದರ್ಶಿಯರ ತಲೆಗೆ ಬಣ್ಣಬಣ್ಣದ ಡ್ರೆಡ್‌ಲಾಕ್ ಕಟ್ಟಿಸಿದಾಗ ಅಮೆರಿಕದ ಕಪ್ಪು ಜನ ಸಿಟ್ಟಾದರು. ಅದಕ್ಕೆ ಕಾರಣವಿತ್ತು. ಅಂಥದೇ ಕೂದಲು ಬಿಟ್ಟರೆ ಅವರಿಗೆ ಶಾಲೆಯಲ್ಲಿ ಶಿಕ್ಷೆ, ನೌಕರಿಗೆ ಕುತ್ತು. ಅದನ್ನು ತಡೆಯಲು 2019ರಲ್ಲಿ ಕ್ಯಾಲಿಫೋರ್ನಿಯಾ 'ಕ್ರೌನ್' ಕಾಯ್ದೆಯನ್ನೇ ತರಬೇಕಾಯಿತು. ಕಾವಲುಗಾರ ಇಷ್ಟೆಲ್ಲ ಓದುವ ಗೋಜಿಗೆ ಹೋಗಲಿಲ್ಲ. "ಅದು ನಮ್ಮ ಶಿವನ ಜಟೆ" ಎಂದು ಬರೆದು ಎರಡೂ ಕಡೆಯವರಿಂದ ಕೂದಲನ್ನು ತಾನೇ ಕಿತ್ತುಕೊಂಡ.

2019ರಲ್ಲಿ ಗುಚ್ಚಿ ಕಂಪನಿಯ ಪೇಟ ಅಮೆರಿಕದಲ್ಲಿ 790 ಡಾಲರಿಗೆ ಮಾರಾಟಕ್ಕೆ ಬಂದಾಗ ಸಿಖ್ಖರ ಪರವಾಗಿ ಗುಡುಗಿದ. ಅತ್ತ ಮಗಳ ಮದುವೆಯಲ್ಲಿ ಮೆಹಂದಿ, ಸಂಗೀತ್, ಬಾಡಿಗೆ ಶೇರ್ವಾನಿ, ಅಳಿಯನ ತಲೆಗೆ ರಾಜಸ್ಥಾನಿ ಸಾಫಾ ಎಲ್ಲವೂ ಸಾಂಗವಾಗಿ ನಡೆದವು. ಪರದೇಶದವರು ಮಾಡಿದರೆ ಅದು ಕಳವು, ಕಲ್ಯಾಣ ಮಂಟಪದಲ್ಲಿ ಅದು ಥೀಮ್.

ಇವನ ಪ್ರತಿಭೆ ಪೂರ್ತಿ ಅರಳಿದ್ದು 2025ರ ಜೂನ್‌ನಲ್ಲಿ. ಮಿಲಾನಿನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಥೇಟ್ ಕೊಲ್ಹಾಪುರಿಯಂಥ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ಮೆರೆಸಿತು; ಬೆಲೆ ಲಕ್ಷ ದಾಟುತ್ತದೆಂಬ ಸುದ್ದಿಯೂ ಹಬ್ಬಿತು. ಕಾವಲುಗಾರ ಮೂರು ದಿನ ಇಟಲಿಯ ಮೇಲೆ ಹರಿಹಾಯ್ದ. ಅಷ್ಟರಲ್ಲಿ ಸಚಿವ ಪ್ರಿಯಾಂಕ್ ಖರ್ಗೆ, ಈ ಚಪ್ಪಲಿಯಲ್ಲಿ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳ ಪಾಲೂ ಇದೆ ಎಂದು ನೆನಪಿಸಿದರು. ಮಾತು ನಿಜ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಸೇರಿವೆ. ಕಾವಲುಗಾರ ಆ ಕ್ಷಣವೇ ಇಟಲಿಗೆ ಕ್ಷಮಾದಾನ ಕೊಟ್ಟು ಮಹಾರಾಷ್ಟ್ರದ ಮೇಲೆ ಯುದ್ಧ ಸಾರಿದ. ಪ್ರತಿ ಸಂದೇಶದ ಕೊನೆಗೂ ಬಸವಣ್ಣನಿಗೆ ತೊಡೆಯ ಚರ್ಮದಿಂದ ಮೆಟ್ಟು ಮಾಡಿಕೊಟ್ಟ ಹರಳಯ್ಯನ ಕಥೆ. ಹರಳಯ್ಯನ ಕುಲದವರ ಕೇರಿ ತನ್ನ ಸ್ವಂತ ಊರಿನಲ್ಲಿ ಯಾವ ದಿಕ್ಕಿಗಿದೆ ಎಂಬುದು ಮಾತ್ರ ಅವನಿಗೆ ತಿಳಿಯದು.

ಚಪ್ಪಲಿ ತಯಾರಾಗುವ ಬಗೆಯೂ ತಿಳಿಯದು. ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿ, ಮೊಳೆ ಹೊಡೆಯದೆ ಚರ್ಮದ ದಾರದಿಂದಲೇ ಅಟ್ಟೆ ಹೊಲಿಯುತ್ತಾರೆ. ಪಟ್ಟಿಯ ಮೇಲಿನ ಜಡೆಯಂಥ ಹೆಣಿಗೆ ಹೆಚ್ಚಾಗಿ ಹೆಂಗಸರ ಕೆಲಸ.

ಕರಕುಶಲ ಮೇಳದಲ್ಲಿ ಇಂಥ ಚಪ್ಪಲಿ ಎದುರಾದಾಗ ಕಾವಲುಗಾರನ ವರ್ತನೆ ಬಹುತೇಕ ಹೀಗಿರುತ್ತದೆ:

"ಎಷ್ಟಪ್ಪಾ ಇದು?"

"ಹನ್ನೆರಡ ನೂರ್ ರೀ ಸರ. ಕೈಲೆ ಹೊಲದದ್ದೈತ್ರಿ."

"ಆನ್‌ಲೈನ್‌ನಲ್ಲಿ ನಾನ್ನೂರಕ್ಕೇ ಸಿಗುತ್ತಲ್ಲ!"

"ಅದು ರೆಗ್ಜಿನ್ ಇರತೈತ್ರಿ ಸರ."

ಐನೂರಕ್ಕೆ ಕೇಳುತ್ತಾನೆ, ಆರುನೂರಕ್ಕೆ ಏರುತ್ತಾನೆ, ಹೊಸ ಚಪ್ಪಲಿ ಕಾಲು ಕಚ್ಚುತ್ತದೆಂದು ಹೆಂಡತಿ ಎಚ್ಚರಿಸಿದಾಗ ಕೆಳಗಿಡುತ್ತಾನೆ. ಫೋಟೊ ಮಾತ್ರ ತೆಗೆದುಕೊಳ್ಳುತ್ತಾನೆ. ಸಂಜೆಯೊಳಗೆ ಅದು 'ನಮ್ಮ ಹೆಮ್ಮೆ' ಎಂಬ ತಲೆಬರಹದೊಂದಿಗೆ ಬಂಧುಬಳಗದ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿರುತ್ತದೆ.

2025ರ ಡಿಸೆಂಬರ್‌ನಲ್ಲಿ ಪ್ರಾಡಾ ಕಂಪನಿ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ಎಂಬ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡು, ಈ ಎರಡು ರಾಜ್ಯಗಳಲ್ಲೇ 2,000 ಜೋಡಿ ಚಪ್ಪಲಿ ಮಾಡಿಸಿ ಜೋಡಿಗೆ ಸುಮಾರು 800 ಯೂರೊದಂತೆ ಮಾರುವುದಾಗಿ ಹೇಳಿತು. ಹೊಲಿಯುವವರ ಕೈಗೆ ಅದರಲ್ಲಿ ಎಷ್ಟು ಬರುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆಯಾಗಿತ್ತು. ಕಾವಲುಗಾರ ಕೇಳಲಿಲ್ಲ, ಕೂಲಿಯ ಲೆಕ್ಕ ಅವನ ಕಾವಲಿನ ವ್ಯಾಪ್ತಿಗೆ ಬರುವುದಿಲ್ಲ.