ತೇರಿನ ಮುಂದಿನ ಪೀಪಿ: ಮರುಮಾರಾಟ ಧರ್ಮ ಕುರಿತು ಒಂದು ಕಿರುಶಾಸ್ತ್ರ

ಮಕ್ಕಳ ಆಟದ ಸಾಮಾನನ್ನು ಹಬ್ಬಕ್ಕೆ ಮುಂಚೆಯೇ ಬಾಚಿಟ್ಟುಕೊಂಡು ಹಬ್ಬದ ಹೊತ್ತಿಗೆ ದುಪ್ಪಟ್ಟಿಗೆ ಮಾರುವುದು ಧರ್ಮವೋ ಅಧರ್ಮವೋ? ಈ ಪ್ರಶ್ನೆಯನ್ನು ಪಾಶ್ಚಾತ್ಯರು ಕ್ರಿಸ್ಮಸ್ ಗೂಟಕ್ಕೆ ಕಟ್ಟಿಹಾಕಿಕೊಂಡು ಕೂತಿದ್ದಾರೆ. ವರ್ಷಕ್ಕೆ ಒಂದೇ ಹಬ್ಬ, ಆ ಹಬ್ಬಕ್ಕೆ ಒಂದೇ ಗೊಂಬೆ. ಇಷ್ಟು ಸಣ್ಣ ಹೊಲದಲ್ಲಿ ಶಾಸ್ತ್ರ ಬೆಳೆಯುವುದು ಕಷ್ಟ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಪಂಚತಾಲ್ಲೂಕುಗಳಲ್ಲಿ ಜಾತ್ರೆಗೆ ಬರವಿಲ್ಲ, ಅಳುವ ಮಕ್ಕಳಿಗೂ ಬರವಿಲ್ಲ. ಆದ್ದರಿಂದ ಪ್ರಸ್ತುತ ಪ್ರಬಂಧವು ಪ್ರಶ್ನೆಯನ್ನು ಗೂಟದಿಂದ ಬಿಚ್ಚಿ ನಮ್ಮ ಕಡೆಗೆ ಹೊಡೆದುಕೊಂಡು ಬರುತ್ತದೆ.

ಪೂರ್ವಸೂರಿಗಳನ್ನು ನೆನೆಯುವುದು ಸಂಪ್ರದಾಯ. 1983ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಕ್ಯಾಬೇಜ್ ಪ್ಯಾಚ್ ಎಂಬ ಕೋಸುಗಡ್ಡೆ ಸಂತಾನದ ಗೊಂಬೆಗಾಗಿ ತಾಯಂದಿರು ಕೈಕೈ ಮಿಲಾಯಿಸಿದರು. 1996ರಲ್ಲಿ ಕಚಗುಳಿ ಇಟ್ಟರೆ ನಗುವ ಎಲ್ಮೋ ಬಂತು; 30 ಡಾಲರಿಗೂ ಕಡಿಮೆ ಬೆಲೆಯ ಆ ಕೆಂಪು ಬೊಂಬೆ ಕೈಯಿಂದ ಕೈಗೆ ದಾಟುತ್ತ ನೂರಾರು ಡಾಲರು ಮುಟ್ಟಿತು. ಕೆನಡಾದ ಫ್ರೆಡರಿಕ್ಟನ್ ಊರಿನಲ್ಲಿ ಎಲ್ಮೋಗೆಂದು ನುಗ್ಗಿದ ಜನರ ಕಾಲ್ತುಳಿತಕ್ಕೆ ಸಿಕ್ಕು ಅಂಗಡಿಯ ನೌಕರನೊಬ್ಬ ಗಾಯಗೊಂಡು ಆಸ್ಪತ್ರೆ ಸೇರಿದ. ಈಚೆಗೆ ಕೆಲಸವೆಲ್ಲ ಯಂತ್ರದ್ದು: ಮನುಷ್ಯ ಕಣ್ಣು ಮಿಟುಕಿಸುವುದರೊಳಗೆ ಕಂಪ್ಯೂಟರು ಇಡೀ ದಾಸ್ತಾನನ್ನು ಖರೀದಿಸಿಬಿಡುತ್ತದೆ. ಅದನ್ನು ತಡೆಯಲು ಅಮೆರಿಕದ ಸಂಸತ್ತಿನಲ್ಲಿ ಮಸೂದೆ ಮಂಡನೆಯಾಗಿದೆ, ಮತ್ತೆ ಮಂಡನೆಯಾಗಿದೆ, ಮತ್ತೂ ಆಗಿದೆ. ಪಾಶ್ಚಾತ್ಯ ಮೀಮಾಂಸೆ ಅಲ್ಲಿಗೆ ನಿಂತಿದೆ. ಮುಂದಿನದು ನಮ್ಮ ಹೊಣೆ.

ಮೊದಲು ವ್ಯಾಖ್ಯೆ. ತೇರಿಗೆ ಮುಂಚೆ ದಾವಣಗೆರೆಯಲ್ಲಿ ಗಂಟು ಕಟ್ಟಿಸಿ, ತೇರಿನ ದಿನ ಬಿಡಿಬಿಡಿಯಾಗಿ ಮಾರಿ, ತೇರು ನೆಲೆ ಮುಟ್ಟುವ ಹೊತ್ತಿಗೆ ಕಣ್ಣಿಗೆ ಬೀಳದಂತಾಗುವವನೇ ಮರುಮಾರಾಟಗಾರ. ಜಾತ್ರೆಗೆ ತಲೆತಲಾಂತರದಿಂದ ಬರುವ ಆಟಿಗಿ ಸಾಮಾನಿನ ಅಂಗಡಿಯವರು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅವರಿಗೆ ಜಾಗವುಂಟು, ಜಾಗದ ಹರಾಜಿನ ರಸೀದಿಯುಂಟು, ಸೊಸೆಯಂದಿರುಂಟು. ನಮ್ಮ ನಾಯಕನಿಗೆ ಇರುವುದು ಒಂದು ಬಿದಿರ ಗಳ. ಅದರ ತುದಿಗೆ ಪೀಪಿ, ಪುಗ್ಗ, ಗಿರಗಿಟ್ಲೆ, ಬಣ್ಣದ ಕನ್ನಡಕ, ಮತ್ತು ಆ ವರ್ಷ ಊರ ಮಕ್ಕಳೆಲ್ಲ ಹಟ ಹಿಡಿದಿರುವ ಆ ಒಂದು ಸಾಮಾನು. ಅದು ಒಂದು ವರ್ಷ ದೀಪ ಮಿಣುಕಿಸುವ ಜೀಪು. ಇನ್ನೊಂದು ವರ್ಷ ಹಲ್ಲು ಕಿರಿಯುವ ಲಬುಬು ಗೊಂಬೆ, ಅಥವಾ ಅದರ ದಾಯಾದಿ. ಪಕ್ಕದಂಗಡಿಯಲ್ಲಿ ಆ ಸಾಮಾನು ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಮುಗಿದದ್ದು ಹೇಗೆ ಎಂದು ಗಳಧಾರಿಯನ್ನು ಯಾರೂ ಕೇಳುವುದಿಲ್ಲ.

ಈಗ ಶಾಸ್ತ್ರ. ವ್ಯಾಪಾರಿಯ ಲಾಭಕ್ಕೆ ಯಾಜ್ಞವಲ್ಕ್ಯಸ್ಮೃತಿ ಹದ್ದು ಹಾಕಿದೆ: ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು. ಕೌಟಿಲ್ಯನ ಲೆಕ್ಕವೂ ಇದೇ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ಟೀಕೆ ಬರೆದ ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರನ ಗುಡಿಗೆ ಹೋದರೆ ಆ ಕಲ್ಯಾಣದ ಅರಸರ ಶಾಸನಗಳು ಸಾಲಾಗಿ ನಿಂತಿವೆ. ಆದ್ದರಿಂದ ಮಿತಾಕ್ಷರಾ ನಮ್ಮ ಸೀಮೆಗೆ ಲಾಗೂ ಆಗುತ್ತದೋ ಇಲ್ಲವೋ ಎಂದು ವಕೀಲರು ತಕರಾರು ತೆಗೆಯಲು ಬರುವುದಿಲ್ಲ.

ತೊಡಕಿರುವುದು ಸ್ವದೇಶ ಯಾವುದು, ಪರದೇಶ ಯಾವುದು ಎಂಬಲ್ಲಿ. ಅರವತ್ತು ರೂಪಾಯಿಗೆ ತಂದ ಜೀಪು ಸ್ವದೇಶಿಯಾದರೆ ಅರವತ್ತಮೂರಕ್ಕೆ ಮಾರಬೇಕು, ಪರದೇಶಿಯಾದರೆ ಅರವತ್ತಾರಕ್ಕೆ. ಹರಪನಹಳ್ಳಿಯಲ್ಲಿ ಕೊಂಡು ಕೊಟ್ಟೂರಲ್ಲಿ ಮಾರಿದರೆ ಯಾವ ಲೆಕ್ಕ? 1997ರವರೆಗೆ ಎರಡೂ ಬಳ್ಳಾರಿ ಜಿಲ್ಲೆ. ಮೂರು ರೂಪಾಯಿ ಲಾಭ. ಆ ವರ್ಷ ದಾವಣಗೆರೆ ಜಿಲ್ಲೆ ಹುಟ್ಟಿ ಹರಪನಹಳ್ಳಿಯನ್ನು ಎತ್ತಿಕೊಂಡು ಹೋಯಿತು. ಜೀಪು ರಾತ್ರೋರಾತ್ರಿ ಪರದೇಶಿಯಾಗಿ ಲಾಭ ಆರಕ್ಕೇರಿತು. 2018ರಲ್ಲಿ ಹರಪನಹಳ್ಳಿ ಮರಳಿ ಬಳ್ಳಾರಿಗೆ ಬಂತು, ಮತ್ತೆ ಮೂರು. 2021ರಲ್ಲಿ ಐದೂ ತಾಲ್ಲೂಕುಗಳು ಒಟ್ಟಾಗಿ ವಿಜಯನಗರ ಜಿಲ್ಲೆಗೆ ಸೇರಿದವು, ಮೂರೇ ಗಟ್ಟಿಯಾಯಿತು. ಇನ್ನು ದಾವಣಗೆರೆಯ ಪೀಪಿ; ಅದಕ್ಕೆ ಜಿಲ್ಲೆಯ ಬದಲು ರಾಜ್ಯದ ಗಡಿ ಹಿಡಿಯೋಣ. 1953ರ ಅಕ್ಟೋಬರ್ 1ರವರೆಗೆ ಕೊಟ್ಟೂರು ಮದ್ರಾಸ್ ರಾಜ್ಯ, ದಾವಣಗೆರೆ ಮೈಸೂರು. ಆ ಕಾಲದಲ್ಲಿ ದಾವಣಗೆರೆಯಿಂದ ಕೊಟ್ಟೂರಿಗೆ ಪಾದಯಾತ್ರೆ ಬಂದ ಭಕ್ತ ಜೋಳಿಗೆಯಲ್ಲಿ ಒಂದು ಪೀಪಿ ಇಟ್ಟುಕೊಂಡಿದ್ದರೆ ಅವನು ಶಾಸ್ತ್ರದ ಕಣ್ಣಿಗೆ ಆಮದು ವ್ಯಾಪಾರಿ. ರಾಜ್ಯ ಪುನರ್ವಿಂಗಡಣೆಯಿಂದ ಪೀಪಿಯ ಲಾಭ ಅರ್ಧಕ್ಕಿಳಿದದ್ದನ್ನು ಏಕೀಕರಣದ ಇತಿಹಾಸಕಾರರು ಯಾಕೋ ಕಡೆಗಣಿಸಿದ್ದಾರೆ.

ಗಳಧಾರಿಗೆ ಇದೊಂದೂ ತಿಳಿಯದು. ಆದರೆ ತನಗೆ ಬೇಕಾದ ಸಂದು ಅವನಿಗೆ ತಿಳಿದಿದೆ. ಐದು-ಹತ್ತರ ಹದ್ದು ಕೊಂಡ ದಿನವೇ ಮಾರುವವನಿಗೆ ಮಾತ್ರ. ಸರಕನ್ನು ಇಟ್ಟುಕೊಂಡು ತಡವಾಗಿ ಮಾರಿದರೆ ಕಾಲ ಹೆಚ್ಚಿದಂತೆ ಲಾಭವನ್ನೂ ಹೆಚ್ಚಿಸಿಕೊಳ್ಳಬಹುದು ಎಂದು ವಿಜ್ಞಾನೇಶ್ವರನೇ ದಾರಿ ಬಿಟ್ಟಿದ್ದಾನೆ. ಗಳಧಾರಿ ಜೀಪು ಕೊಂಡದ್ದು ದೀಪಾವಳಿಗೆ, ಮಾರುವುದು ಮಾಘದಲ್ಲಿ. ಮೂರು ತಿಂಗಳು ಅದು ಅವನ ಮಂಚದ ಕೆಳಗಿತ್ತು. ಮಂಚದ ಕೆಳಗಿನ ಮೂರು ತಿಂಗಳಿಗೆ ಬೆಲೆ ಎಷ್ಟು ಎಂಬ ಬಗ್ಗೆ ಸ್ಮೃತಿಕಾರರು ಮೌನ.

ಆಧುನಿಕ ಶಾಸ್ತ್ರದ ಹೆಸರು ಎಂಆರ್‌ಪಿ. 2009ರ ಕಾನೂನು ಮಾಪನ ಕಾಯ್ದೆ, ಅದರಡಿಯ 2011ರ ಪೊಟ್ಟಣ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಒಂದು ಪೈಸೆ ಹೆಚ್ಚಿಗೆ ಮಾರಿದರೂ ಅಪರಾಧ. ಎಲ್ಮೋವನ್ನು ಡಬ್ಬಿ ಸಮೇತ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಬ್ಲಾಕಿನಲ್ಲಿ ಮಾರಿದ್ದರೆ ಅಮೆರಿಕದವನು ದಂಡ ಕಟ್ಟಬೇಕಾಗುತ್ತಿತ್ತು. ಇಷ್ಟು ಕಟ್ಟುನಿಟ್ಟಾದ ಕಾಯ್ದೆ ಬೇರೆಡೆ ಅಪರೂಪ ಎಂದು ಹೆಮ್ಮೆಪಡುವ ಮೊದಲು ಜೀಪಿನ ಡಬ್ಬಿಯನ್ನು ತಿರುಗಿಸಿ ನೋಡಬೇಕು. ಹಸಿರು ರಟ್ಟು, ಒಂದು ಮೂಲೆ ಜಜ್ಜಿದೆ, ಪ್ಲಾಸ್ಟಿಕ್ ಕಿಟಕಿಯ ಮೇಲೆ ಧೂಳು. ತಳದಲ್ಲಿ, ಬಾರ್‌ಕೋಡಿನ ಪಕ್ಕ, ಅಕ್ಷರ ಅರ್ಧ ಅಳಿಸಿದ ಬಿಳಿ ಚೀಟಿ: ಎಂಆರ್‌ಪಿ 499. ಅರವತ್ತಕ್ಕೆ ಬಂದ ಜೀಪು ಅದು. ಅಂದರೆ ಗಳಧಾರಿ ಅದನ್ನು ಎಂಟು ಪಟ್ಟಿಗೆ ಮಾರಿದರೂ ಕಾನೂನಿನ ಕಟ್ಟೆಯೊಳಗೇ ಇರುತ್ತಾನೆ. ನೂರೈವತ್ತಕ್ಕೆ ಕೊಟ್ಟರಂತೂ ಗಿರಾಕಿಗೆ ಮುನ್ನೂರ ನಲವತ್ತೊಂಬತ್ತು ರೂಪಾಯಿ ದಾನ ಮಾಡಿದ ಪುಣ್ಯ. ಗರಿಷ್ಠ ಬೆಲೆಯನ್ನು ನಿಗದಿ ಮಾಡುವವನು ಸರ್ಕಾರವಲ್ಲ, ಸಾಮಾನು ಮಾಡಿದವನೇ ಎಂಬ ಸಣ್ಣ ಸಂಗತಿ ಇಡೀ ಕಾಯ್ದೆಯನ್ನು ಗಳಧಾರಿಯ ಚಿಕ್ಕಪ್ಪನನ್ನಾಗಿ ಮಾಡಿದೆ. ಇನ್ನು ಬಿಡಿ ಪೀಪಿಗೆ ಡಬ್ಬಿಯೇ ಇಲ್ಲ, ಚೀಟಿಯೂ ಇಲ್ಲ. 2021ರ ಜನವರಿಯಿಂದ ಆಟದ ಸಾಮಾನಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಚನ್ನಪಟ್ಟಣ, ಕಿನ್ನಾಳದಂಥ ಭೌಗೋಳಿಕ ಗುರುತು ಪಡೆದ ಗೊಂಬೆಗಳಿಗೂ ನೋಂದಾಯಿತ ಕುಶಲಕರ್ಮಿಗಳ ಕೆಲಸಕ್ಕೂ ವಿನಾಯಿತಿ ಉಂಟು. ಪೀಪಿ ಇವೆರಡರ ನಡುವೆ ಸದ್ದು ಮಾಡಿಕೊಂಡು ಹೋಗುತ್ತದೆ.

ಇಲ್ಲಿ ಪ್ರತಿಪಕ್ಷದವರು ನೈತಿಕತೆಯ ಮಾತೆತ್ತುತ್ತಾರೆ: ಮಗುವಿನ ಆಸೆಯನ್ನು ಒತ್ತೆ ಇಟ್ಟುಕೊಂಡು ಬೆಲೆ ಏರಿಸುವುದು ಪಾಪ. ಅವರಿಗೆ ಹಡಗಲಿಯ ಮಲ್ಲಿಗೆಯನ್ನು ತೋರಿಸಬೇಕು. ಭೌಗೋಳಿಕ ಗುರುತು ಪಡೆದ ಆ ಮಲ್ಲಿಗೆ ಮದುವೆಯ ಮುಹೂರ್ತಕ್ಕೆ ಒಂದು ಬೆಲೆ, ಮುಹೂರ್ತವಿಲ್ಲದ ದಿನಕ್ಕೆ ಇನ್ನೊಂದು ಬೆಲೆ, ಬಾಡಿದ ಸಂಜೆಗೆ ಕೇಳಿದಷ್ಟು. ಹೂವಾಡಗಿತ್ತಿಯನ್ನು ಯಾರೂ ಪಾಪಿ ಎನ್ನುವುದಿಲ್ಲ; ಮದುವೆಯ ಹಿಂದಿನ ರಾತ್ರಿ ಕೈಮುಗಿದು ಕೇಳುತ್ತೇವೆ. ಪೀಪಿ ಬಾಡುವುದಿಲ್ಲವಲ್ಲ ಎಂದು ಪ್ರತಿಪಕ್ಷದವರು ಕೇಳಬಹುದು. ತೇರು ಎಳೆದ ಮಾರನೇ ಬೆಳಿಗ್ಗೆ ಕೊಟ್ಟೂರಿನ ಬೀದಿಗೆ ಹೋದವರು ಇದನ್ನು ಕೇಳಲಾರರು. ತುಳಿದ ಬಾಳೆಹಣ್ಣು, ಉತ್ತತ್ತಿ, ಮಂಡಕ್ಕಿಯ ಕಾಗದದ ನಡುವೆ ಪೀಪಿಗಳನ್ನು ಕಸಗುಡಿಸುವವರೂ ಎತ್ತಿಕೊಳ್ಳುವುದಿಲ್ಲ.

ಕ್ಷೇತ್ರಕಾರ್ಯದಿಂದ ಒಂದು ಸಂವಾದವನ್ನು ಮಾತ್ರ ಇಲ್ಲಿ ದಾಖಲಿಸಿದೆ. ಹೊಸ ಲಂಗ ತೊಟ್ಟ ಮೊಮ್ಮಗಳ ಕೈ ಹಿಡಿದ ಮುದುಕಿ ಗಳದ ತುದಿಗೆ ಬೆರಳು ಮಾಡಿ ಕೇಳುತ್ತಾಳೆ.

“ಎಷ್ಟಪಾ ಅದಕ?”

“ನೂರೈವತ್ತು, ಯವ್ವಾ.”

“ನಿನ್ನೆ ಮೂಲಿ ಅಂಗಡ್ಯಾಗ ಎಂಬತ್ತು ಅಂದಿದ್ರು.”

“ನಿನ್ನೆ ತೇರಿತ್ತೇನಬೇ?”

ಮಾರುಕಟ್ಟೆ ಸಿದ್ಧಾಂತವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರು ಈ ಲೇಖಕನಿಗೆ ಸಿಕ್ಕಿಲ್ಲ. ಮುದುಕಿ ಚೌಕಾಸಿಗೆ ಸೆರಗು ಬಿಗಿಯುತ್ತಿರುವಾಗಲೇ ಹುಡುಗಿಯ ಅಪ್ಪ ನೂರೈವತ್ತು ಎಣಿಸಿ ಕೊಟ್ಟುಬಿಟ್ಟ. ಕಾಫಿಸೀಮೆಗೆ ಗುಳೆ ಹೋಗಿ ಹಿಂದಿನ ವಾರವಷ್ಟೇ ಮರಳಿದವನು; ಮಗಳು ಅವನನ್ನು ಇನ್ನೂ ಪೂರ್ತಿ ಮಾತಾಡಿಸಿರಲಿಲ್ಲ. “ಕೇಳ್ದಷ್ಟ ಕೊಡೋದೇನೋ!” ಎಂದು ಮುದುಕಿ ದಾರಿಯುದ್ದಕ್ಕೂ ಬೈದಳು. ಆ ಹೆಚ್ಚಿನ ಎಪ್ಪತ್ತು ರೂಪಾಯಿ ಜೀಪಿನ ಬಾಬ್ತೋ, ತೇರಿನ ಬಾಬ್ತೋ, ಊರಲ್ಲಿಲ್ಲದ ಆ ತಿಂಗಳುಗಳ ಬಾಬ್ತೋ ಎಂಬುದನ್ನು ಯಾಜ್ಞವಲ್ಕ್ಯ ವಿಂಗಡಿಸಿಲ್ಲ. ಗಳಧಾರಿ ವಿಂಗಡಿಸಿದ್ದಾನೆ. ಗಿರಾಕಿಯ ಕೈಯಲ್ಲಿ ಪರವೂರಿಂದ ಹೊತ್ತು ತಂದ ಬ್ಯಾಗಿನ ಗುರುತು ಇದ್ದರೆ ಬೆಲೆಯನ್ನು ಇಪ್ಪತ್ತು ಏರಿಸಿ ಹೇಳುತ್ತಾನೆ. ಇಡೀ ವ್ಯವಹಾರದಲ್ಲಿ ಪಾಪ ಎನ್ನಬಹುದಾದದ್ದು ಇದ್ದರೆ ಆ ಇಪ್ಪತ್ತು ರೂಪಾಯಿಯಲ್ಲಿದೆ ಎಂಬುದು ಪ್ರಬಂಧಕಾರನ ಸ್ವಂತ ಅಭಿಪ್ರಾಯ; ಮಿಕ್ಕದ್ದಕ್ಕೆಲ್ಲ ಟೀಕೆ-ಟಿಪ್ಪಣಿಗಳ ಆಧಾರವಿದೆ.

ಹಾಗಿದ್ದರೂ ಎಲ್ಮೋ ಮಟ್ಟದ ಹುಚ್ಚು ನಮ್ಮಲ್ಲಿ ಏಳದಿರಲು ಕಾರಣ ನಮ್ಮ ಸದ್ಗುಣವಲ್ಲ, ಪಂಚಾಂಗ. ಡಿಸೆಂಬರ್ 26ರಂದು ಅಮೆರಿಕದ ಗೊಂಬೆಗೆ ಹೋಗಲು ಊರಿಲ್ಲ. ನಮ್ಮ ಜೀಪಿಗೆ ಉಂಟು. ಭರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಋತು ಆರಂಭ. ಅಲ್ಲಿ ಗೊರವಯ್ಯ ಬಿಲ್ಲೇರಿ “ಸದ್ದಲೇ” ಎಂದಾಗ ಲಕ್ಷಾಂತರ ಜನರ ಜೊತೆ ಪೀಪಿಗಳೂ ಬಾಯಿ ಮುಚ್ಚುತ್ತವೆ. ಆಮೇಲೆ ಬರುವ ಕಾರಣಿಕವೆಂಬ ಒಂದು ಸಾಲಿನ ಭವಿಷ್ಯವಾಣಿಯನ್ನು ರೈತ ಮಳೆಗೆ, ರಾಜಕಾರಣಿ ಕುರ್ಚಿಗೆ, ಗಳಧಾರಿ ಜೀಪಿನ ದರಕ್ಕೆ ಅನ್ವಯಿಸಿಕೊಳ್ಳುತ್ತಾರೆ. ಮೈಲಾರದಲ್ಲಿ ಉಳಿದದ್ದು ಮಾಘ ಬಹುಳದಲ್ಲಿ ಕೊಟ್ಟೂರೇಶ್ವರನ ತೇರಿಗೆ, ಅಲ್ಲಿ ಉಳಿದದ್ದು ಶಿವರಾತ್ರಿಯ ಹೊತ್ತಿಗೆ ಕುರುವತ್ತಿಗೆ, ಅಲ್ಲಿಂದ ಹಗರಿಬೊಮ್ಮನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಸ್ವಲ್ಪ ದಿನ ವಿಶ್ರಾಂತಿ, ಯುಗಾದಿಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಮೆಟ್ಟಿಲು. ನೂರೈವತ್ತು ನೂರಾಗುತ್ತದೆ, ನೂರು ಎಂಬತ್ತಾಗುತ್ತದೆ. ದೀಪದ ಬ್ಯಾಟರಿ ಒಂದೊಂದೇ ಕಣ್ಣು ಮುಚ್ಚುತ್ತದೆ. ಬಿರುಬೇಸಿಗೆಯಲ್ಲಿ ಉಜ್ಜಿನಿಯ ಮರುಳಸಿದ್ಧನ ಶಿಖರಕ್ಕೆ ಎಣ್ಣೆ ಎರೆಯುವ ದಿನ ಗಳಧಾರಿ ಕೊನೆಯ ಜೀಪನ್ನು ಮೊಣಕಾಲಿಗೆ ಒರೆಸಿ, “ಬ್ಯಾಟ್ರಿ ಹೋಗೈತಿ, ನೋಡಿ ತಗೋರಿ, ಅರವತ್ತಮೂರು ಕೊಡ್ರಿ” ಎನ್ನುತ್ತಾನೆ.